ಮುಪ್ಪು ಮತ್ತು ತೀರ್ಪು

ನವೆಂಬರ್ ತಿಂಗಳು ಬಂತೆಂದರೆ ಪುಣೆಯಲ್ಲಿರುವ ನಮ್ಮ ಕಚೇರಿಯ ವರಾಂಡದಲ್ಲಿ ವೃದ್ಧರ ಸಾಲು ಬೆಳೆಯತೊಡಗುತ್ತದೆ. ಪಿಂಚಣಿ ಪಡೆಯುವವರು ತಾವಿನ್ನೂ ಬದುಕಿದ್ದೇವೆಂದು ಸರ್ಕಾರಕ್ಕೆ ವರ್ಷಕ್ಕೊಮ್ಮೆ ತಿಳಿಸಬೇಕಾದ ತಿಂಗಳು ಅದು. ಜೀವನ ಪ್ರಮಾಣಪತ್ರವನ್ನು ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ಸಲ್ಲಿಸಬಹುದಾದ ಕಾಲ ಬಂದಿದ್ದರೂ, ಅನೇಕರಿಗೆ ಕಚೇರಿಗೆ ಬಂದು, ಪರಿಚಿತ ಮುಖಗಳನ್ನು ಕಂಡು, ಕಾಗದವನ್ನು ಕೈಯಲ್ಲಿ ಹಿಡಿದು ಹೋದರೇ ಸಮಾಧಾನ. ಕೆಲವರ ಬೆರಳಚ್ಚನ್ನು ಯಂತ್ರ ಹಿಡಿಯುವುದಿಲ್ಲ. ದುಡಿದು ಸವೆದ ಬೆರಳುಗಳು, ರೇಖೆಗಳೇ ಮಾಸಿಹೋಗಿರುತ್ತವೆ. ಅಂಥವರನ್ನು ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ಬೆರಳೊರೆಸಿ ಮತ್ತೆ ಮತ್ತೆ ಒತ್ತಿಸುತ್ತೇವೆ. ವಯಸ್ಸಾದವರ ಮುಂದೆ ದನಿ ತಗ್ಗಿಸುವುದನ್ನು ನಮಗೆ ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ಅದು ಮನೆಯಿಂದಲೇ ಬಂದದ್ದು.

ಬಹುಶಃ ಆ ಕಾರಣಕ್ಕೇ, ಕಳೆದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಎದ್ದ ಪ್ರಶ್ನೆಯೊಂದು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಕಥಾವಾಚನ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಜರ್ಮನಿಯ ಇರ್ಮ್‌ಗಾರ್ಡ್ ಫುರ್ಖ್ನರ್ ಎಂಬಾಕೆಯ ಮಾತು ಬಂತು. ನಾಜಿಗಳ ಸೆರೆಶಿಬಿರವೊಂದರಲ್ಲಿ ನಡೆದ ಕೊಲೆಗಳಿಗೆ ನೆರವಾದಳೆಂದು ತನ್ನ ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರ್ಪು ಕೇಳಿಸಿಕೊಂಡವಳು ಆಕೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯ ಸದಸ್ಯರೊಬ್ಬರು ಲೋಟ ಕೆಳಗಿಟ್ಟು, “ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಅಂಥ ಹೊತ್ತಿನಲ್ಲಿ ಎಳೆದು ತಂದು ಕೋರ್ಟಿನಲ್ಲಿ ಕೂರಿಸುವುದಕ್ಕೆ ನ್ಯಾಯ ಅಂತೀರೇನ್ರಿ? ಹಗೆ ಅನ್ನಿ” ಎಂದರು. ಬಳಗದ ಕಿರಿಯ ಸದಸ್ಯೆಯೊಬ್ಬಳು ಮೆಲ್ಲಗೆ, “ಆದರೆ ಸರ್, ಅಲ್ಲಿ ಸತ್ತವರಿಗೆ ತೊಂಬತ್ತೇಳು ತುಂಬಲೇ ಇಲ್ಲವಲ್ಲ” ಎಂದಳು. ಮಾತು ಅಲ್ಲಿಗೆ ನಿಂತಿತು. ಆ ಯುದ್ಧದ ಬಗ್ಗೆ ನಾಲ್ಕು ಪುಸ್ತಕ ಓದಿದವರೆಂದು ಎಲ್ಲರೂ ನಮ್ಮತ್ತ ನೋಡಿದರು. ನಾವು ಏನನ್ನೂ ಹೇಳಲಿಲ್ಲ. ಹೇಳದಿರಲು ಇದ್ದ ಕಾರಣ ನಮ್ಮ ಕಚೇರಿಯ ಒಂದು ಕಡತದಲ್ಲಿದೆ. ಅಲ್ಲಿಗೆ ಕೊನೆಯಲ್ಲಿ ಬರುತ್ತೇವೆ. ಮೊದಲು ಆ ಮುದುಕಿಯ ಸಂಗತಿ.

ಫುರ್ಖ್ನರ್ ಹುಟ್ಟಿದ್ದು 1925ರಲ್ಲಿ. 1943ರ ಜೂನ್‌ನಿಂದ 1945ರ ಏಪ್ರಿಲ್‌ವರೆಗೆ, ಇಂದು ಪೋಲೆಂಡಿನಲ್ಲಿರುವ ಗ್ದಾನ್‌ಸ್ಕ್ ನಗರದ ಸಮೀಪದ ಸ್ಟುಟ್‌ಹೋಫ್ ಶಿಬಿರದಲ್ಲಿ ಅದರ ಮುಖ್ಯಾಧಿಕಾರಿ ಪೌಲ್ ವರ್ನರ್ ಹೊಪ್ಪೆಯ ಕಚೇರಿಯ ಶೀಘ್ರಲಿಪಿಗಾರ್ತಿಯಾಗಿ, ಬೆರಳಚ್ಚುಗಾರ್ತಿಯಾಗಿ ದುಡಿದಳು. ಆ ಶಿಬಿರದಲ್ಲಿ ಸುಮಾರು 65,000 ಜನ ಸತ್ತರೆಂದು ಇತಿಹಾಸಕಾರರು ಹೇಳುತ್ತಾರೆ: ಹಸಿವಿನಿಂದ, ರೋಗದಿಂದ, ಗುಂಡಿನಿಂದ, ವಿಷಾನಿಲದಿಂದ. ಆಕೆ ಯಾರನ್ನೂ ಹೊಡೆಯಲಿಲ್ಲ, ಬಂದೂಕು ಹಿಡಿಯಲಿಲ್ಲ. ಹೇಳಿದ್ದನ್ನು ಬರೆದುಕೊಂಡಳು, ಬರೆದುಕೊಂಡದ್ದನ್ನು ಟೈಪು ಮಾಡಿದಳು. ಯುದ್ಧ ಮುಗಿದ ಮೇಲೆ ಮದುವೆಯಾಗಿ, ಮತ್ತೆ ಕಚೇರಿ ಕೆಲಸವನ್ನೇ ಮಾಡಿ, ನಿವೃತ್ತಳಾಗಿ, ಕೊನೆಗೆ ವೃದ್ಧಾಶ್ರಮ ಸೇರಿದಳು.

ಇಟ್ಸೆಹೋ ಎಂಬ ಪಟ್ಟಣದ ನ್ಯಾಯಾಲಯದಲ್ಲಿ ಆಕೆಯ ವಿಚಾರಣೆ ಆರಂಭವಾಗಬೇಕಿದ್ದುದು 2021ರ ಸೆಪ್ಟೆಂಬರ್ 30ರಂದು. ಆ ಬೆಳಿಗ್ಗೆ ತೊಂಬತ್ತಾರರ ಆ ಮುದುಕಿ ವೃದ್ಧಾಶ್ರಮದಿಂದ ಟ್ಯಾಕ್ಸಿ ಹಿಡಿದು ಹೊರಟುಹೋದಳು. ಕೆಲವು ಗಂಟೆಗಳ ನಂತರ ಹ್ಯಾಂಬುರ್ಗಿನಲ್ಲಿ ಪೊಲೀಸರಿಗೆ ಸಿಕ್ಕಳು. ಅಪರಾಧ ನಡೆದಾಗ ಆಕೆಗೆ ಹದಿನೆಂಟು, ಹತ್ತೊಂಬತ್ತು ವರ್ಷವಾಗಿದ್ದರಿಂದ ಪ್ರಕರಣ ನಡೆದದ್ದು ಎಳೆಯರ ಅಪರಾಧಗಳನ್ನು ವಿಚಾರಿಸುವ ಪೀಠದ ಮುಂದೆ. ಇಳಿವಯಸ್ಸನ್ನು ಗಮನಿಸಿ ವಿಚಾರಣೆಯನ್ನು ದಿನಕ್ಕೆ ಸ್ವಲ್ಪ ಹೊತ್ತಿಗೆ ಮಾತ್ರ ಸೀಮಿತಗೊಳಿಸಲಾಗಿತ್ತು. ನ್ಯಾಯಾಧೀಶರು ಸ್ಟುಟ್‌ಹೋಫ್‌ಗೇ ಹೋಗಿ, ಆ ಕಚೇರಿಯಿಂದ ಏನೇನು ಕಾಣುತ್ತಿತ್ತೆಂದು ಪರಿಶೀಲಿಸಿದರು. 2022ರ ಡಿಸೆಂಬರ್ 20ರಂದು ತೀರ್ಪು ಬಂತು: 10,505 ಕೊಲೆಗಳಿಗೂ ಐದು ಕೊಲೆಯತ್ನಗಳಿಗೂ ನೆರವಾದ ಅಪರಾಧ. ಶಿಕ್ಷೆ ಎರಡು ವರ್ಷ; ಅದೂ ಅಮಾನತಿನಲ್ಲಿಟ್ಟದ್ದು. ಎಂದರೆ ಆಕೆ ಸೆರೆಮನೆಗೆ ಹೋಗಬೇಕಿರಲಿಲ್ಲ. ಆಕೆಯ ಮೇಲ್ಮನವಿಯನ್ನು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. 2025ರ ಜನವರಿಯಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಹಿರಿಯರ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಇನ್ನೂ ಬಲ ಕೊಡುವ ಸಂಗತಿಯೊಂದನ್ನು ನಾವೇ ಸೇರಿಸಬಲ್ಲೆವು. ಆಕೆಗೆ ಪತ್ರಗಳನ್ನು ಹೇಳಿ ಬರೆಸಿದ ಹೊಪ್ಪೆಗೆ ಏನಾಯಿತು? 1950ರ ದಶಕದಲ್ಲಿ ಪಶ್ಚಿಮ ಜರ್ಮನಿಯ ನ್ಯಾಯಾಲಯ ಅವನಿಗೆ ಒಂಬತ್ತು ವರ್ಷಗಳ ಶಿಕ್ಷೆ ವಿಧಿಸಿತು. 1960ರಲ್ಲಿ ಅವನು ಹೊರಗಿದ್ದ, 1974ರವರೆಗೆ ಬದುಕಿದ. ಬೆರಳಚ್ಚುಗಾರ್ತಿ ಆ ಕಾಲದಲ್ಲೇ ಅಧಿಕಾರಿಗಳ ಮುಂದೆ ಸಾಕ್ಷಿಯಾಗಿ ಹೇಳಿಕೆ ಕೊಟ್ಟು ಮನೆಗೆ ಹೋಗಿದ್ದಳು. ಅವಳು ಯಾರು, ಎಲ್ಲಿ ಕುಳಿತಿದ್ದಳು, ಅವಳ ಮೇಜಿನ ಮೇಲೆ ಯಾವ ಕಾಗದಗಳು ಹಾದುಹೋದವು ಎಂಬುದು ಸರ್ಕಾರಕ್ಕೆ ಅಂದೇ ಗೊತ್ತಿತ್ತು. ಆನೆ ಹೋದ ದಾರಿಯಲ್ಲಿ, ಅರವತ್ತು ವರ್ಷ ಕಳೆದ ಮೇಲೆ, ಇರುವೆಯನ್ನು ಹಿಡಿದದ್ದು ಯಾವ ನ್ಯಾಯ ಎಂದು ಯಾರಾದರೂ ಕೇಳಿದರೆ ತಪ್ಪೆನ್ನುವುದು ಹೇಗೆ?

ಇನ್ನೊಂದು ಆಕ್ಷೇಪವೂ ಇದೆ: ನೆನಪು ಮೋಸ ಮಾಡುತ್ತದೆ. ಜಾನ್ ಡೆಮ್ಯಾನ್ಯುಕ್ ಎಂಬವನ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಯುಕ್ರೇನಿನಲ್ಲಿ ಹುಟ್ಟಿ, ಯುದ್ಧಾನಂತರ ಅಮೆರಿಕಕ್ಕೆ ಹೋಗಿ, ಕ್ಲೀವ್‌ಲ್ಯಾಂಡಿನ ಕಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನನ್ನು 1986ರಲ್ಲಿ ಇಸ್ರೇಲಿಗೆ ಒಪ್ಪಿಸಲಾಯಿತು. ಟ್ರೆಬ್ಲಿಂಕಾದ ವಿಷಾನಿಲ ಕೋಣೆಗಳನ್ನು ನಡೆಸುತ್ತಿದ್ದ ಕ್ರೂರಿ ಇವನೇ ಎಂದು ಬದುಕುಳಿದವರು ಅತ್ತು ಗುರುತಿಸಿದರು. 1988ರಲ್ಲಿ ಮರಣದಂಡನೆಯ ತೀರ್ಪಾಯಿತು. ಅಷ್ಟರಲ್ಲಿ ಸೋವಿಯತ್ ದಫ್ತರಗಳಿಂದ ಹೊರಬಂದ ಹೇಳಿಕೆಗಳು ಆ ಕ್ರೂರಿ ಬೇರೊಬ್ಬನೆಂದು ಸೂಚಿಸಿದವು. 1993ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಸಾಕ್ಷಿಗಳು ಸುಳ್ಳು ಹೇಳಿದವರಲ್ಲ. ಅವರ ನೋವೂ ನಿಜ, ತಪ್ಪೂ ನಿಜ. ತಡವಾದ ನ್ಯಾಯಕ್ಕೆ ನೇಣಿನ ಅಧಿಕಾರ ಇರಬಾರದೆಂದು ನಮಗೆ ಮನವರಿಕೆ ಮಾಡಿದ್ದು ಈ ಪ್ರಕರಣ. ಅದನ್ನು ರದ್ದುಮಾಡಿದ ಆ ನ್ಯಾಯಾಲಯದ ಬಗ್ಗೆ ಗೌರವ ಹುಟ್ಟಿಸಿದ್ದೂ ಇದೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಡೆಮ್ಯಾನ್ಯುಕ್ ಇನ್ನೊಂದು ಶಿಬಿರದಲ್ಲಿ, ಸೋಬಿಬೋರ್‌ನಲ್ಲಿ, ಕಾವಲುಗಾರನಾಗಿದ್ದನೆಂದು ಕಾಗದಗಳು ಹೇಳುತ್ತಿದ್ದವು. 2009ರಲ್ಲಿ ಅವನನ್ನು ಜರ್ಮನಿಗೆ ಕರೆತಂದರು. ಮ್ಯೂನಿಕ್‌ನ ನ್ಯಾಯಾಲಯದಲ್ಲಿ ಮಲಗಿಕೊಂಡೇ ವಿಚಾರಣೆ ಎದುರಿಸಿದ ಅವನನ್ನು 2011ರ ಮೇ ತಿಂಗಳಲ್ಲಿ ತಪ್ಪಿತಸ್ಥನೆಂದು ಘೋಷಿಸಿ ಐದು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಮೇಲ್ಮನವಿ ಬಾಕಿಯಿದ್ದಾಗಲೇ, 2012ರಲ್ಲಿ, ತೊಂಬತ್ತೊಂದರ ಪ್ರಾಯದಲ್ಲಿ ಸತ್ತುದರಿಂದ ಆ ತೀರ್ಪು ಅಂತಿಮವಾಗಲಿಲ್ಲ. ಆದರೂ ಆ ತೀರ್ಪಿನ ತರ್ಕ ಒಂದು ಬಾಗಿಲು ತೆರೆಯಿತು: ಕೊಲ್ಲುವುದೇ ಉದ್ದೇಶವಾಗಿದ್ದ ಶಿಬಿರದಲ್ಲಿ ಕೆಲಸ ಮಾಡಿದವನು ಇಂಥವನನ್ನೇ ಕೊಂದನೆಂದು ಸಾಬೀತಾಗದಿದ್ದರೂ ಆ ಯಂತ್ರ ನಡೆಯಲು ನೆರವಾದವನೇ.

ಆ ಬಾಗಿಲು ಅಷ್ಟು ಕಾಲ ಮುಚ್ಚಿದ್ದುದೇಕೆ ಎಂಬ ಪ್ರಶ್ನೆಯಲ್ಲೇ ನಮ್ಮ ಉತ್ತರವೂ ಇದೆ ಎಂದುಕೊಳ್ಳುತ್ತೇವೆ. ನಾಜಿ ಅಪರಾಧಗಳ ತನಿಖೆಗೆಂದೇ ಲುಡ್ವಿಗ್ಸ್‌ಬುರ್ಗ್ ಊರಿನಲ್ಲಿ ಕೇಂದ್ರ ಕಚೇರಿಯೊಂದು ಸ್ಥಾಪನೆಯಾದದ್ದು 1958ರಲ್ಲಿ. ಫ್ರಿಟ್ಜ್ ಬಾವರ್ ಎಂಬ ಪ್ರಾಸಿಕ್ಯೂಟರರ ಹಟದಿಂದ 1963ರಿಂದ 1965ರವರೆಗೆ ಫ್ರಾಂಕ್‌ಫರ್ಟಿನಲ್ಲಿ ಆಷ್ವಿಟ್ಜ್ ಶಿಬಿರದವರ ವಿಚಾರಣೆ ನಡೆಯಿತು. ಆ ಶಿಬಿರ ಒಂದು ಯಂತ್ರ, ಅದನ್ನು ನಡೆಸಿದವರೆಲ್ಲ ಹೊಣೆಗಾರರು ಎಂಬುದು ಬಾವರ್ ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ. 1969ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಪ್ರತಿಯೊಬ್ಬ ಆರೋಪಿಯ ನಿರ್ದಿಷ್ಟ ಕೃತ್ಯವನ್ನೇ ತೋರಿಸಬೇಕೆಂಬ ನಿಲುವು ತಳೆಯಿತು. ಆಷ್ವಿಟ್ಜ್‌ನಲ್ಲಿ ದುಡಿದು ಯುದ್ಧಾನಂತರ ಬದುಕುಳಿದ ಎಸ್‌ಎಸ್ ಸಿಬ್ಬಂದಿ ಸುಮಾರು 6,500. ಅವರಲ್ಲಿ ಜರ್ಮನ್ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾದವರು ಐವತ್ತನ್ನೂ ಮುಟ್ಟಲಿಲ್ಲ.

ಎಂದರೆ, ಆರೋಪಿಗಳು ಮುದುಕರಾದದ್ದು ಕಾಲದ ಸಹಜಗತಿಯಿಂದಷ್ಟೇ ಅಲ್ಲ. ಅವರು ಮುದುಕರಾಗುವವರೆಗೆ ಒಂದು ಇಡೀ ವ್ಯವಸ್ಥೆ ಕಾದು ಕುಳಿತಿತ್ತು. ಹಾಗಿರುವಾಗ, ‘ಇಷ್ಟು ತಡವಾಯಿತಲ್ಲ, ಇನ್ನೇಕೆ’ ಎಂಬ ಮಾತನ್ನು ಆರೋಪಿ ಆಡಬಹುದು. ತಡಮಾಡಿದ ವ್ಯವಸ್ಥೆಯೇ ಆಡುವಂತಿಲ್ಲ. ತಾನು ಮಾಡಿದ ವಿಳಂಬವನ್ನೇ ತನ್ನ ಬಿಡುಗಡೆಯ ಪತ್ರವಾಗಿ ತೋರಿಸುವ ಹಕ್ಕು ಯಾವ ಸರ್ಕಾರಕ್ಕೂ ಇರಬಾರದು. ಕೊಲೆಯ ಅಪರಾಧಕ್ಕೆ ಕಾಲಮಿತಿಯೇ ಬೇಡವೆಂದು ಪಶ್ಚಿಮ ಜರ್ಮನಿಯ ಸಂಸತ್ತು 1979ರಲ್ಲಿ ತೀರ್ಮಾನಿಸಿತು. ಅದಕ್ಕೂ ಮುನ್ನ ಎರಡು ಸಲ ಅವಧಿಯನ್ನು ಹಿಗ್ಗಿಸುತ್ತ ಬಂದಿತ್ತು. ಯುದ್ಧಾಪರಾಧಗಳಿಗೆ ಕಾಲಮಿತಿ ಅನ್ವಯಿಸಬಾರದೆಂಬ ವಿಶ್ವಸಂಸ್ಥೆಯ ಒಪ್ಪಂದ 1968ರದು. ಭಾರತವೂ ಅದರಲ್ಲಿ ಸೇರಿದೆ.

ನ್ಯಾಯದ ಇನ್ನೊಂದು ಬದಿಯಲ್ಲಿರುವವರಿಗೂ ವಯಸ್ಸಾಗುತ್ತದೆ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಇಟ್ಸೆಹೋ ನ್ಯಾಯಾಲಯಕ್ಕೆ ಎಂಬತ್ತು ದಾಟಿದ ಒಬ್ಬರು ಸಾಕ್ಷಿ ಹೇಳಲು ವಿಯೆನ್ನಾದಿಂದ ಬಂದರು. ಸ್ಟುಟ್‌ಹೋಫ್‌ನಲ್ಲಿ ಅವರ ತಂದೆಯನ್ನು ಕೊಂದಾಗ ಅವರಿಗೆ ಆರು ವರ್ಷ. ಅವರು ತಂದೆಯ ಭಾವಚಿತ್ರವನ್ನು ಎತ್ತಿ ಆ ಮುದುಕಿಗೆ ತೋರಿಸಿದರು. ಅವರು ಬೇಡಿದ್ದು ತೊಂಬತ್ತು ದಾಟಿದವಳ ಸೆರೆವಾಸವನ್ನಲ್ಲ ಎಂದು ನಮಗೆ ತೋರುತ್ತದೆ. ನೋಡು, ಇವರು ಇದ್ದರು ಎಂದಷ್ಟೇ. ಬಹಳ ಕಾಲ ಮೌನವಾಗಿಯೇ ಕುಳಿತಿದ್ದ ಫುರ್ಖ್ನರ್ ಕೊನೆಯ ದಿನಗಳಲ್ಲಿ, ನಡೆದುದಕ್ಕೆಲ್ಲ ವಿಷಾದವಿದೆ, ಆಗ ಅಲ್ಲಿ ಇದ್ದುದಕ್ಕೆ ಪಶ್ಚಾತ್ತಾಪವಿದೆ ಎಂಬರ್ಥದ ಮಾತಾಡಿದಳು. ಅದು ಸಾಕೇ ಎಂದರೆ ಸಾಲದು. ಆದರೆ ವಿಚಾರಣೆಯೇ ನಡೆಯದಿದ್ದರೆ ಅಷ್ಟೂ ಬರುತ್ತಿರಲಿಲ್ಲ.

ಓಸ್ಕರ್ ಗ್ರೋನಿಂಗ್‌ನ ಪ್ರಕರಣ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಆಷ್ವಿಟ್ಜ್‌ಗೆ ಬಂದಿಳಿದವರಿಂದ ಕಸಿದುಕೊಂಡ ಹಣವನ್ನು ಎಣಿಸಿ ಲೆಕ್ಕ ಬರೆಯುತ್ತಿದ್ದವನು ಅವನು. ಮುಂದೆ, ಅಂಥದೇನೂ ನಡೆದೇ ಇಲ್ಲವೆಂದು ವಾದಿಸುವವರ ಬರಹ ಕೈಗೆ ಬಂದಾಗ ಅವನು ಸುಮ್ಮನಿರಲಿಲ್ಲ. ನಾನು ಅಲ್ಲಿದ್ದೆ, ಕಂಡಿದ್ದೇನೆ ಎಂದು ಬಹಿರಂಗವಾಗಿ ಹೇಳಿದ. 2015ರಲ್ಲಿ ಲ್ಯೂನೆಬುರ್ಗ್ ನ್ಯಾಯಾಲಯದಲ್ಲಿ, ನೈತಿಕವಾಗಿ ತಾನು ತಪ್ಪಿತಸ್ಥನೇ, ಕಾನೂನಿನ ಪ್ರಕಾರ ಏನೆಂಬುದನ್ನು ನ್ಯಾಯಾಲಯವೇ ಹೇಳಲಿ ಎಂದ. ಮೂರು ಲಕ್ಷ ಕೊಲೆಗಳಿಗೆ ನೆರವಾದುದಕ್ಕೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಆ ವಿಚಾರಣೆಗೆ ಬಂದಿದ್ದ ಈವಾ ಮೋಜೆಸ್ ಕೋರ್, ಬಾಲ್ಯದಲ್ಲಿ ಆಷ್ವಿಟ್ಜ್‌ನ ನರಕ ಕಂಡವರು, ಅವನ ಕೈಹಿಡಿದು ಕ್ಷಮಿಸಿದೆನೆಂದರು. ಉಳಿದ ಹಲವು ಫಿರ್ಯಾದಿಗಳಿಗೆ ಅದು ಸರಿಬೀಳಲಿಲ್ಲ. ಸತ್ತವರ ಪರವಾಗಿ ಕ್ಷಮಿಸಲು ನಾವಾರು ಎಂದು ಅವರ ಪ್ರಶ್ನೆ. ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಅರ್ಹತೆ ನಮಗಿಲ್ಲ. ಆದರೆ ಕ್ಷಮೆಗೂ ವಿಚಾರಣೆ ಬೇಕಾಗಿತ್ತು. ಏನನ್ನು ಕ್ಷಮಿಸುತ್ತಿದ್ದೇವೆಂಬುದು ಮೊದಲು ಇತ್ಯರ್ಥವಾಗಬೇಕಲ್ಲ. ಗ್ರೋನಿಂಗ್ ಸೆರೆಮನೆಯ ಬಾಗಿಲು ಕಾಣಲೇ ಇಲ್ಲ. ಶಿಕ್ಷೆ ಆರಂಭವಾಗುವ ಮುನ್ನ, 2018ರಲ್ಲಿ, ತೊಂಬತ್ತಾರರಲ್ಲಿ ತೀರಿಕೊಂಡ. ತೀರ್ಪು ಉಳಿಯಿತು.

ಎಂ.ಎ. ತರಗತಿಯಲ್ಲಿ ‘ಕಿಂಗ್ ಲಿಯರ್’ ಓದಿದಾಗ ನಮ್ಮ ಕಣ್ಣೀರೆಲ್ಲ ಮಳೆಗಾಳಿಯಲ್ಲಿ ಅಲೆಯುವ ಮುದುಕನಿಗೇ ಮೀಸಲಾಗಿತ್ತು. ಈಗ ಓದಿದರೆ ಬೇರೆಯದೇ ಕಾಣುತ್ತದೆ. ತಾನು ಓಡಿಸಿದ ಮಗಳ ಎದುರು ಆ ಮುದುಕ ತನ್ನ ವಯಸ್ಸನ್ನೂ ಹೇಳಿಕೊಳ್ಳುತ್ತಾನೆ, ಕ್ಷಮೆಯನ್ನೂ ಬೇಡುತ್ತಾನೆ. ಒಂದನ್ನು ಹೇಳಿ ಇನ್ನೊಂದರಿಂದ ತಪ್ಪಿಸಿಕೊಳ್ಳುವುದಿಲ್ಲ. ಕರುಣೆ ಮತ್ತು ಹೊಣೆ ಒಂದೇ ಮನುಷ್ಯನಲ್ಲಿ ಜೊತೆಯಾಗಿ ಇರಬಲ್ಲವು.

ತಡವಾದ ವಿಚಾರಣೆಗಳೆಲ್ಲ ಒಳ್ಳೆಯವೆಂದು ನಮ್ಮ ವಾದವಲ್ಲ. ನೆರೆಯ ಬಾಂಗ್ಲಾದೇಶದಲ್ಲಿ 1971ರ ಕೊಲೆಗಳ ವಿಚಾರಣೆಗೆ 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. ತೊಂಬತ್ತು ವರ್ಷದ ಗುಲಾಮ್ ಆಜಮ್‌ಗೆ 2013ರಲ್ಲಿ ತೊಂಬತ್ತು ವರ್ಷಗಳ ಸೆರೆ ವಿಧಿಸಲಾಯಿತು. ಮರುವರ್ಷ ಆತ ಬಂಧನದಲ್ಲೇ ಸತ್ತ. ಆ ಹತ್ಯೆಗಳು ನಿಜ, ಕಾದಿದ್ದ ಕುಟುಂಬಗಳ ಹಸಿವು ನಿಜ. ಆದರೆ ವಿಚಾರಣೆಯ ಕ್ರಮದ ಬಗ್ಗೆ ಮಾನವಹಕ್ಕು ಸಂಘಟನೆಗಳು ಎತ್ತಿದ ಆಕ್ಷೇಪಗಳೂ, ಇತರ ಕೆಲವರನ್ನು ನೇಣಿಗೇರಿಸಿದ ಅವಸರವೂ ಆ ತೀರ್ಪುಗಳ ಮೇಲೆ ನೆರಳು ಚೆಲ್ಲಿವೆ. ಕಾಲ ಸರಿದಷ್ಟೂ ಸಾಕ್ಷ್ಯದ ಪರೀಕ್ಷೆ ಬಿಗಿಯಾಗಬೇಕು, ಶಿಕ್ಷೆಯ ಕೈ ಸಡಿಲವಾಗಬೇಕು. ಮುಪ್ಪು ಶಿಕ್ಷೆಯನ್ನು ಇಳಿಸಲಿ. ತೀರ್ಪನ್ನು ಇಳಿಸುವುದು ಬೇಡ.

ಇಷ್ಟನ್ನು ಅಂದು ಚಹಾದ ಹೊತ್ತಿನಲ್ಲೇ ಹೇಳಬಹುದಿತ್ತು. ಹೇಳದಂತೆ ಬಾಯಿ ಕಟ್ಟಿದ ಕಡತದ ವಿಷಯಕ್ಕೆ ಈಗ ಬರುತ್ತೇವೆ. ಲಕ್ಷಾಂತರ ಕೊಲೆಗಳ ಪಕ್ಕದಲ್ಲಿ ಅದನ್ನಿಡುವುದು ಅಳತೆಗೆಟ್ಟ ಮಾತಾಗುತ್ತದೆ, ಹೋಲಿಸುತ್ತಿಲ್ಲ. ಆದರೆ ಮೇಜಿನ ಹಿಂದೆ ಕುಳಿತು ಬರೆಯುವ ಕೈ ಎಂಥದೆಂಬುದು ನಮಗೆ ಅಲ್ಲಿಂದಲೇ ತಿಳಿದದ್ದು.

ಸೇವೆಯಲ್ಲಿದ್ದಾಗಲೇ ತೀರಿಕೊಂಡ ಖಲಾಸಿಯೊಬ್ಬನ ಹೆಂಡತಿಗೆ ಕುಟುಂಬ ಪಿಂಚಣಿ ಸಿಗಲು ಹನ್ನೊಂದು ವರ್ಷ ಹಿಡಿಯಿತು. ಆಕೆ ಅವನ ಹೆಂಡತಿಯೆಂಬುದಕ್ಕೆ ದಾಖಲೆಯಿಲ್ಲ ಎಂದು ಕಡತದಲ್ಲಿ ಮತ್ತೆ ಮತ್ತೆ ಬರೆಯಲಾಗಿತ್ತು. ಆ ಹನ್ನೊಂದು ವರ್ಷ ಆಕೆ ಮನೆಗಳಲ್ಲಿ ಪಾತ್ರೆ ತಿಕ್ಕಿದಳು. ಮಗ ಶಾಲೆ ಬಿಟ್ಟ. ಕಡತ ನಮ್ಮ ಮೇಜಿಗೆ ಬಂದಾಗ ಖಲಾಸಿಯ ಸೇವಾ ಪುಸ್ತಕವನ್ನು ತೆರೆದು ನೋಡಿದೆವು. ಅವನೇ ತುಂಬಿಕೊಟ್ಟ ಕುಟುಂಬದ ವಿವರದ ನಮೂನೆ, ಆಕೆಯ ಹೆಸರು ಸಮೇತ, ಮೊದಲಿನಿಂದಲೂ ಅಲ್ಲೇ ಇತ್ತು. ಆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಗುರುತೂ ಇತ್ತು. ಆ ಗುರುತು ಯಾರದೆಂದು ನಮಗೆ ಕೂಡಲೇ ತಿಳಿಯಿತು. ನಮಗೆ ಟಿಪ್ಪಣಿ ಬರೆಯಲು ಕಲಿಸಿದ ಹಿರಿಯರದು. ಅವರು ಆ ಹಾಳೆಯನ್ನು ಕಂಡಿದ್ದರು. ಕಂಡೂ ಇಲ್ಲವೆಂದು ಏಕೆ ಬರೆದರೋ ಇಂದಿಗೂ ಗೊತ್ತಿಲ್ಲ.

ಬಾಕಿ ಹಣ ಸಂದಾಯವಾಯಿತು. ಹಿರಿಯರು ನಿವೃತ್ತರಾಗಿ ವರ್ಷಗಳಾಗಿದ್ದವು. ನಾಲ್ಕು ವರ್ಷಗಳಿಗಿಂತ ಹಿಂದಿನ ಘಟನೆಗಾಗಿ ನಿವೃತ್ತ ನೌಕರರ ಮೇಲೆ ಹೊಸದಾಗಿ ಇಲಾಖಾ ವಿಚಾರಣೆ ಹೂಡುವಂತಿಲ್ಲ ಎಂದು ಪಿಂಚಣಿ ನಿಯಮ ಹೇಳುತ್ತದೆ. ಅದನ್ನು ಬರೆದೆವು, ಅದು ಸರಿಯೇ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ‘ಆಡಳಿತಾತ್ಮಕ ಕಾರಣಗಳಿಂದ ವಿಳಂಬವಾಗಿರುತ್ತದೆ. ಸಂಬಂಧಪಟ್ಟವರ ವಯಸ್ಸು ಮತ್ತು ಅನಾರೋಗ್ಯವನ್ನು ಪರಿಗಣಿಸಿ ವಿಷಯವನ್ನು ಮುಕ್ತಾಯಗೊಳಿಸಬಹುದು’ ಎಂದು ಸೇರಿಸಿದೆವು. ಸರ್ಕಾರಿ ಟಿಪ್ಪಣಿಯಲ್ಲಿ ಕರ್ತೃವೇ ಇರುವುದಿಲ್ಲ. ಎಲ್ಲವೂ ತಾನಾಗಿ ಆಗಿರುತ್ತದೆ. ನಿಯಮ ತಡೆದದ್ದು ಶಿಕ್ಷೆಯನ್ನು ಮಾತ್ರ. ನಡೆದದ್ದನ್ನು ನಡೆದಂತೆ ಬರೆಯುವುದನ್ನು ಯಾವ ನಿಯಮವೂ ತಡೆದಿರಲಿಲ್ಲ. ತಡೆದವರು ನಾವು.

ಹಣ ಬಂದ ಮೇಲೆ ಆಕೆ ಒಮ್ಮೆ ಕಚೇರಿಗೆ ಬಂದಿದ್ದಳು. ಮರಾಠಿಯಲ್ಲಿ ಕೇಳಿದ್ದು ಇಷ್ಟೇ: “ಸಾಹೇಬರೇ, ನಾನು ಸುಳ್ಳು ಹೇಳಿರಲಿಲ್ಲ ಅಂತ ಎಲ್ಲಾದರೂ ಬರೆದಿದ್ದೀರಾ?” ಹಣ ಬಂತಲ್ಲ ತಾಯಿ, ಇನ್ನೇನು ಬೇಕು ಎಂದು ಹೇಳಿ ಕಳುಹಿಸಿದೆವು. ಹನ್ನೊಂದು ವರ್ಷ ಒಬ್ಬಳು ತನ್ನ ಗಂಡನ ಹೆಂಡತಿಯಲ್ಲವೆಂದು ಕಾಗದದ ಮೇಲೆ ಉಳಿದಿದ್ದಳೆಂಬುದು ಆಗ ನಮ್ಮ ತಲೆಗೆ ಹೋಗಲಿಲ್ಲ.

ಈ ಬರಹದುದ್ದಕ್ಕೂ ‘ನಾವು’ ಎಂದೇ ಬರೆದಿದ್ದೇವೆ. ಇಪ್ಪತ್ತು ವರ್ಷಗಳ ಕಚೇರಿಯ ಅಭ್ಯಾಸ. ಆದರೆ ಆ ಟಿಪ್ಪಣಿಯ ಕೆಳಗಿರುವುದು ಒಂದೇ ಸಹಿ.

ಸಭೆಯಾದ ಮುಂದಿನ ವಾರ ಆ ಕಡತವನ್ನು ತರಿಸಿಕೊಂಡು ಇನ್ನೊಂದು ಟಿಪ್ಪಣಿ ಬರೆದೆವು. ಪತ್ನಿಯ ಹೆಸರಿರುವ ನಮೂನೆ ಸೇವಾ ಪುಸ್ತಕದಲ್ಲಿ ಆರಂಭದಿಂದಲೂ ಇತ್ತು, ಅದನ್ನು ನೋಡಿಯೂ ಇಲ್ಲವೆಂದು ಬರೆಯಲಾಯಿತು, ಬರೆದವರು ಇಂಥವರು, ಅರ್ಜಿದಾರಳು ಹೇಳಿದ್ದು ನಿಜ, ಹಿಂದಿನ ಟಿಪ್ಪಣಿಯಲ್ಲಿ ಇದನ್ನು ನಾವು ಮರೆಮಾಚಿದ್ದು ತಪ್ಪು. ಮೇಲಧಿಕಾರಿಗಳು ಕರೆಸಿ, “ಏಕ್ರೀ ಈಗ ಕೆದಕುತ್ತೀರಿ, ಆ ಮನುಷ್ಯ ಹಾಸಿಗೆ ಹಿಡಿದಿದ್ದಾರಂತೆ” ಎಂದರು. ಶಿಕ್ಷೆ ಕೇಳುತ್ತಿಲ್ಲ ಸರ್, ಕಡತ ಸರಿಪಡಿಸುತ್ತಿದ್ದೇವೆ ಅಷ್ಟೇ ಎಂದೆವು. ಎರಡು ದಿನ ಇಟ್ಟುಕೊಂಡು, ‘ನೋಡಿದೆ’ ಎಂದು ಬರೆದು ಸಹಿ ಮಾಡಿ ಹಿಂದಿರುಗಿಸಿದರು. ಪ್ರತಿ ದಸರೆಗೆ ಹೋಗಿ ಕಾಲು ಮುಟ್ಟಿ ಬರುತ್ತಿದ್ದ ಆ ಹಿರಿಯರ ಮನೆಗೆ ಈ ವರ್ಷ ಹೋಗಿಲ್ಲ. ಹೋಗಬೇಕು. ಕಾಲೂ ಮುಟ್ಟಬೇಕು, ಬರೆದದ್ದನ್ನೂ ಹೇಳಬೇಕು. ಇನ್ನೂ ಧೈರ್ಯ ಬಂದಿಲ್ಲ.

ಆಕೆ ಪ್ರತಿ ನವೆಂಬರಿನಲ್ಲೂ ಜೀವನ ಪ್ರಮಾಣಪತ್ರಕ್ಕೆ ಬರುತ್ತಾಳೆ. ಪಾತ್ರೆ ತಿಕ್ಕಿದ ಬೆರಳುಗಳು. ಯಂತ್ರ ಅವಳನ್ನು ಸುಲಭವಾಗಿ ಗುರುತಿಸುವುದಿಲ್ಲ. ಈ ಸಲ ಇನ್ನೂ ಬಂದಿಲ್ಲ. ಆ ಟಿಪ್ಪಣಿಯನ್ನು ಮರಾಠಿಯಲ್ಲಿ ಬರೆದು ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದೇವೆ. ವರಾಂಡದಲ್ಲಿ ಯಾರಾದರೂ ಕೋಲೂರುತ್ತ ಬರುವ ಸದ್ದಾದರೆ ತಲೆಯೆತ್ತಿ ನೋಡುತ್ತೇವೆ. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನಗಳಿವೆ.